ನಾಲ್ಕನೆಯ ಚರಣದ ಬಾಗಿಲು

ಜನವರಿ ೯

ಅಮ್ಮಾ,

ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆದು, ಕುರ್ಚಿಗೆ ಒರಗಿ ಇದನ್ನು ಓದು. ನೀನು ಕುಣಿದ ಹಳೆಯ ನಾಟಕಶಾಲೆ ಮತ್ತೆ ತೆರೆಯುತ್ತಿದೆ. ಜೂನ್ ಹನ್ನೆರಡಕ್ಕೆ ಮೊದಲ ಪ್ರದರ್ಶನ. ಹಳೆಯ ಹಾಡು-ಕುಣಿತಗಳನ್ನೆಲ್ಲ ಧೂಳು ಕೊಡವಿ ಎಬ್ಬಿಸುತ್ತಿದ್ದಾರೆ. ಅದರಲ್ಲಿ ನಿನ್ನ ‘ಟಕ್ ಟಕ್ ಯಾರದು’ ಇದೆ. ಹಾಡಿ ಕುಣಿಯಬೇಕಾದವಳು ನಾನು.

ಹನ್ನೊಂದು ವರ್ಷ ಈ ಕಂಪನಿಯ ಹಿಂದಿನ ಸಾಲಿನಲ್ಲಿ, ಎಡದಿಂದ ಮೂರನೆಯವಳಾಗಿ ಕಾಲೆತ್ತಿದ್ದೇನೆ. ಮೊನ್ನೆ ಮ್ಯಾನೇಜರು ಕರೆದು, “ನಿಮ್ಮಮ್ಮ ಗಿರಗಿಟ್ಲೆ ಅಲ್ವಾ, ರಕ್ತದಲ್ಲಿ ಒಂದಿಷ್ಟಾದ್ರೂ ಉಳಿದಿರ್ಬೇಕು, ನೋಡೋಣ” ಅಂದರು. ಮಾರ್ಚ್ ಮೂವತ್ತಕ್ಕೆ ಕರೆದ ಜನರ ಮುಂದೆ ಪರೀಕ್ಷೆ. ನಿಂತರೆ ಹಾಡು ನನ್ನದು. ಬಿದ್ದರೆ ನಮ್ಮ ಸಾಲಿನ ಕೆನ್ನೆಗುಳಿಯ ಹುಡುಗಿಯದು, ಅವಳಿಗೆ ಇಪ್ಪತ್ತೆರಡು. ಮೂವತ್ತಮೂರರವಳನ್ನು ಹುಡುಕಿಕೊಂಡು ಇನ್ನೊಂದು ಹಾಡು ಬರುವುದಿಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತು.

ಹೆಜ್ಜೆಗಳನ್ನು ಡ್ರಮ್ಮಿನಜ್ಜ ಹೇಳಿಕೊಟ್ಟಿದ್ದಾರೆ. ಮೊದಲ ಚರಣದಲ್ಲಿ ಬಾಗಿಲು ತಟ್ಟಿದ್ದು ಗಾಳಿ, ಎರಡರಲ್ಲಿ ಬೆಕ್ಕು, ಮೂರರಲ್ಲಿ ಪಕ್ಕದ ಮನೆಯವಳ ಕಿವಿ. ಅಲ್ಲಿಯವರೆಗೆ ತೊಂದರೆಯಿಲ್ಲ. ನಾಲ್ಕರಲ್ಲಿ ‘ಕದ ತೆಗೆದೆನಮ್ಮಾ, ಕದ ತೆಗೆದೆ’ ಎಂದು ಹಾಡಿ ನೀನು ನಿಂತುಬಿಡುತ್ತಿದ್ದೆಯಂತೆ. ಡ್ರಮ್ಮಿನ ಎಂಟು ಪೆಟ್ಟು. ಹಾಡಿಲ್ಲ, ಕುಣಿತವಿಲ್ಲ, ಕೈ ಆಡಿಸುವುದೂ ಇಲ್ಲ. ಜನ ಉಸಿರು ಹಿಡಿದು ಕೂರುತ್ತಿದ್ದರಂತೆ. ಆ ಎಂಟು ಪೆಟ್ಟಿನಲ್ಲಿ ನೀನು ಏನು ಮಾಡುತ್ತಿದ್ದೆ?

ನಾನು ರಂಗ ಹತ್ತಿದಾಗಿನಿಂದ ನೀನು ನನಗೆ ಬರೆಯುವುದು ಹವೆಯ ವಿಚಾರ ಮತ್ತು ದಾರದ ವಿಚಾರ. ಈ ಒಂದನ್ನು ಮಾತ್ರ ಹೇಳಿಬಿಡು.

ನಿನ್ನ ಮಗಳು

*

ಜನವರಿ ೧೭

ಮಗಳೇ,

ಕಾಗದ ತಲುಪಿತು. ಇಲ್ಲಿ ಚಳಿ ಹೆಚ್ಚು. ಹೊಲಿಗೆ ಕಲಿಯಲು ಬರುವವರು ಈ ಸಲ ಏಳು ಜನ, ಅದರಲ್ಲಿ ಐವರಿಗೆ ಸೂಜಿಯ ಕಣ್ಣೇ ಕಾಣುವುದಿಲ್ಲ, ಉಳಿದಿಬ್ಬರಿಗೆ ನಾನು ಹೇಳಿದ್ದು ಕೇಳುವುದಿಲ್ಲ. ಕೆಳಮನೆಯವರ ಕಿಟಕಿಗೆ ಪರದೆ ಹೊಲಿದುಕೊಟ್ಟೆ. ನೆರಿಗೆ ಹಿಡಿದದ್ದು ನೋಡಿ ಆ ಯಜಮಾನರು, “ಇದು ಕಿಟಕಿಗಲ್ಲಮ್ಮ, ಸಿಂಹಾಸನಕ್ಕೆ ಹಾಕ್ಬೇಕು” ಅಂದರು. ಮೆಚ್ಚಿದರೋ ಬೈದರೋ ತಿಳಿಯಲಿಲ್ಲ.

ಎಂಟು ಪೆಟ್ಟಿನ ಮಾತು ಕೇಳಿದ್ದೀಯೆ. ಸುಮ್ಮನೆ ನಿಂತಿದ್ದೆ. ಕಾಲು ನೋಯುತ್ತಿತ್ತು. ಮೂರು ಚರಣ ಗಿರಗಿರ ತಿರುಗಿದವಳಿಗೆ ನಿಲ್ಲುವ ಹಕ್ಕಿಲ್ಲವೇ?

ಗಿಡ್ಡ ಹಿಮ್ಮಡಿಯ ಶೂ ಹಾಕು. ಆ ರಂಗದ ಹಲಗೆ ಎಡಕ್ಕೆ ಇಳಿಜಾರು.

ಅಮ್ಮ

*

ಫೆಬ್ರವರಿ ೬

ಅಮ್ಮಾ,

ನಿನ್ನ ಕಾಲುನೋವಿನ ಕಥೆಯನ್ನು ಡ್ರಮ್ಮಿನಜ್ಜನಿಗೆ ಓದಿ ಹೇಳಿದೆ. ಅವರು ಕೋಲು ಕೆಳಗಿಟ್ಟು ಐದು ನಿಮಿಷ ನಕ್ಕರು.

ಈಗ ವಿಚಿತ್ರ ಕೇಳು. ಹಳಬರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು, ನಾಲ್ಕನೆಯ ಚರಣ ಹೇಗಿತ್ತೆಂದು ವಿಚಾರಿಸಿದೆ. ಅಚ್ಚಾದ ಪುಸ್ತಕದಲ್ಲಿ ‘ಬಂದು ನಿಂತಾನೆ ನನ್ನ ದೊರೆ’ ಎಂದಿದೆ. ರೆಕಾರ್ಡಿನಲ್ಲೂ ನೀನು ಅದನ್ನೇ ಹಾಡಿದ್ದೀಯೆ, ನಿಲ್ಲದೆ, ಒಂದೇ ಓಟಕ್ಕೆ. ಆದರೆ ಡ್ರಮ್ಮಿನಜ್ಜ ಹೇಳುವುದು, ಬಾಗಿಲಲ್ಲಿ ನಿಂತಿದ್ದವನು ಬೆಂಕಿಪೊಟ್ಟಣ ಕೇಳಲು ಬಂದ ಪೊಲೀಸಪ್ಪ. ದೀಪದ ಮೇಸ್ತ್ರಿ ಅದನ್ನು ಕೇಳಿ ಕೆಂಡವಾದರು. ನಿಂತದ್ದು ಮೇಕೆಯಂತೆ, ಅದರ ಬಾಯಲ್ಲಿ ಅರ್ಧ ತಿಂದ ಪ್ರೇಮಪತ್ರವಂತೆ. “ನಾನು ಮೇಕೆ ಮೇಲೆ ಹಸಿರು ದೀಪ ಬಿಟ್ಟಿದ್ದೀನಿ ಕಣಯ್ಯಾ, ನಿನಗೇನು ಗೊತ್ತು” ಅಂದರು. ಅಷ್ಟರಲ್ಲಿ, ಮೊದಲು ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದ ಅಜ್ಜಿ ಬಂದರು. ಮೇಕೆಯೂ ಅಲ್ಲ, ಪೊಲೀಸೂ ಅಲ್ಲ, ಹಲ್ಲಿನ ಸೆಟ್ಟನ್ನು ಮರೆತು ಬಂದ ಮಾವನವರು ಎಂದು ಆಣೆ ಹಾಕಿದರು. ಮೂವರೂ ಈಗ ಬೇರೆ ಬೇರೆ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಾರೆ.

ಮೂರು ಮುಪ್ಪಿನ ತಲೆ ಒಂದೇ ಹಾಡನ್ನು ಮೂರು ರೀತಿ ಮರೆಯುವುದು ಸಾಧ್ಯವೇ? ನಿಜವಾಗಿ ಯಾರು ನಿಂತಿದ್ದರು ಅಮ್ಮಾ?

ನಿದ್ದೆ ಕೆಟ್ಟಿರುವ ನಿನ್ನ ಮಗಳು

*

ಫೆಬ್ರವರಿ ೧೪

ಮಗಳೇ,

ಮುದುಕರ ಮಾತು ಕಟ್ಟಿಕೊಂಡು ಕುಣಿದರೆ ಕಾಲು ಮುರಿದೀತು. ಪುಸ್ತಕದಲ್ಲಿ ದೊರೆ ಇದ್ದಾನೆ, ದೊರೆಯನ್ನೇ ಹಾಡು, ತಲೆಬಾಗು, ಒಳಗೆ ಹೋಗು. ನನ್ನನ್ನು ಮತ್ತೆ ಈ ವಿಚಾರ ಕೇಳಬೇಡ.

ಮೇಕೆಯ ದಿನ ದೀಪ ಹಸಿರಾಗಿರಲಿಲ್ಲ, ಹಳದಿ. ನನಗೆ ನಗು ತಡೆಯಲಾಗದೆ ಮುಂದಿನ ಸಾಲಿನಲ್ಲಿ ಅರ್ಧ ಪೆಟ್ಟು ತಪ್ಪಿತ್ತು. ಆ ಮೇಸ್ತ್ರಿಗೆ ಹೇಳು.

ಅಮ್ಮ

*

ಮಾರ್ಚ್ ೨

ಅಮ್ಮಾ,

ಸಿಕ್ಕಿಬಿದ್ದೆ. ‘ಮೇಕೆಯ ದಿನ’ ಎಂದು ನಿನ್ನ ಕೈಯಾರೆ ಬರೆದಿದ್ದೀಯೆ. ಹಾಗಾದರೆ ಪೊಲೀಸಪ್ಪನ ದಿನ ಬೇರೆ, ಮಾವನವರ ದಿನ ಬೇರೆ. ಮೂವರೂ ನಿಜ ಹೇಳಿದ್ದಾರೆ. ಅವರನ್ನು ಒಂದೇ ಬೆಂಚಿಗೆ ಕರೆತಂದಿದ್ದೇನೆ.

ಆದರೆ ನನ್ನ ಸ್ಥಿತಿ ನಗುವಂಥದ್ದಲ್ಲ. ಪುಸ್ತಕದ ದೊರೆಯನ್ನೇ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಎಂಟು ಪೆಟ್ಟು ನಿಂತೆ. ಕಣ್ಣು ಅಗಲ ಮಾಡಿದೆ, ಎದೆಗೆ ಕೈ ಇಟ್ಟೆ, ತುಟಿ ನಡುಗಿಸಿದೆ. ಮ್ಯಾನೇಜರು ಅರ್ಧದಲ್ಲೇ ಕೈ ತಟ್ಟಿ ನಿಲ್ಲಿಸಿ, “ಬಸ್ಸಿಗೆ ಕಾಯ್ತಾ ಇದ್ದೀಯೇನಮ್ಮ?” ಅಂದರು. ಹಿಂದಿನ ಸಾಲು ನಕ್ಕಿತು. ಕೆನ್ನೆಗುಳಿಯ ಹುಡುಗಿ ನಗಲಿಲ್ಲ. ಅದು ಇನ್ನೂ ಹೆಚ್ಚು ಚುಚ್ಚಿತು.

ಆಮೇಲೆ ಡ್ರಮ್ಮಿನಜ್ಜ ನನ್ನನ್ನು ಬಲಬದಿಯ ಸೈಡ್‌ವಿಂಗಿಗೆ ಕರೆದುಕೊಂಡು ಹೋದರು. ಮಾತು ಮರೆತ ನಟರಿಗೆ ಪಿಸುಗುಟ್ಟಿ ನೆನಪಿಸುವ ಪ್ರಾಂಪ್ಟರ್ ಕೂರುವ ಜಾಗ ಅದು. “ನಿಮ್ಮಮ್ಮ ಬಾಗಿಲು ತೆಗೆದು ನೋಡ್ತಿದ್ದದ್ದು ಜನರ ಕಡೆಗಲ್ಲ, ಈ ಕಡೆಗೆ. ಇಲ್ಲಿ ಕೂರ್ತಿದ್ದದ್ದು ನಿನ್ನ ಸೋದರಮಾವ. ಮಿಕ್ಕಿದ್ದು ಅವಳನ್ನೇ ಕೇಳು” ಅಂದರು.

ನನಗೊಬ್ಬ ಮಾವ ಇದ್ದಾನೆಂದು ಗೊತ್ತಿರುವುದು ಒಂದು ಫೋಟೋದಿಂದ. ಅದರಲ್ಲಿ ನೀನು ಪೂರ್ತಿ ಇದ್ದೀಯೆ, ಅವನದು ಅರ್ಧ ಭುಜ. ಇನ್ನರ್ಧವನ್ನು ಕತ್ತರಿಸಿದವಳು ನೀನು ಎಂದು ನನಗೆ ಚಿಕ್ಕಂದಿನಿಂದ ಅನುಮಾನ.

ಇನ್ನು ಇಪ್ಪತ್ತೆಂಟು ದಿನ ಇದೆ. ಕೇಳಬೇಡ ಅಂದಿದ್ದೀಯೆ, ಆದರೂ ಕೇಳುತ್ತಿದ್ದೇನೆ.

ಮಗಳು

*

ಮಾರ್ಚ್ ೧೧

ಮಗಳೇ,

ಹಾಗಾದರೆ ಏಳಲಿ ಪರದೆ. ಮೂವತ್ತೊಂದು ವರ್ಷದಿಂದ ಇಳಿಸಿಟ್ಟದ್ದು, ಹಗ್ಗ ಕಿರುಗುಟ್ಟೀತು. ಸಹಿಸಿಕೊ.

ಅಣ್ಣ ಮತ್ತು ನಾನು ಒಂದೇ ಹಾಸಿಗೆಯಲ್ಲಿ ಗುದ್ದಾಡಿ ಬೆಳೆದವರು. ನನಗಿಂತ ಮೂರು ವರ್ಷ ದೊಡ್ಡವನು, ಮೂವತ್ತು ಪಟ್ಟು ತುಂಟ. ದನಿ ಇಲ್ಲ, ಕಾಲಿಗೆ ತಾಳವಿಲ್ಲ, ತಲೆಯಲ್ಲಿ ಮಾತ್ರ ಹಾಡಿನ ಸಂತೆ. ‘ಟಕ್ ಟಕ್ ಯಾರದು’ ಬರೆದವನು ಅವನೇ. ಅಚ್ಚಿನಲ್ಲಿ ಬರೆದವರ ಹೆಸರಿಲ್ಲ. ನಾನು ಹಾಡಿದೆ, ಅವನು ಸೈಡ್‌ವಿಂಗಿನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತ.

ಒಂದು ಸಂಜೆ, ತುಂಬಿದ ಸಭೆ. ಕದ ತೆಗೆದೆನಮ್ಮಾ ಎಂದೆ. ಮುಂದಿನ ಸಾಲು ಮಾಯ. ಒರೆಸಿಟ್ಟ ಹಲಗೆಯ ಹಾಗೆ ತಲೆ ಖಾಲಿ. ಅಣ್ಣನ ಕಡೆ ನೋಡಿದೆ. ಅವನು ನನ್ನ ಮುಖ ನೋಡಿದ, ಪುಸ್ತಕ ನೋಡಿದ, ಆ ಹಾಳು ಕಣ್ಣು ಮಿನುಗಿತು. ದೊರೆ ಎನ್ನುವ ಬದಲು ಪಿಸುಗುಟ್ಟಿದ: “ನಿಂತೈತೆ ಮೇಕೆ, ಬಾಯಲ್ಲಿ ನನ್ನ ಓಲೆ.” ಯೋಚಿಸಲು ಹೊತ್ತೆಲ್ಲಿದೆ? ಹಾಡಿಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಒಳಗೆ ಬಂದು ಅವನ ಕಿವಿ ಹಿಂಡಿದೆ. “ನಿನ್ನ ಮುಖ ನೀನೇ ನೋಡ್ಬೇಕಿತ್ತು ಕಣೇ, ನಾಳೆನೂ ಹಾಗೇ ನಿಲ್ಲು” ಅಂದ.

ಅಲ್ಲಿಂದ ಅದೇ ನಮ್ಮ ಪದ್ಧತಿಯಾಯಿತು. ದಿನಕ್ಕೊಬ್ಬ ಅತಿಥಿ. ಯಾರು ಎಂದು ಅವನು ಮೊದಲೇ ಹೇಳುವ ಹಾಗಿಲ್ಲ, ನಾನು ಕೇಳುವ ಹಾಗಿಲ್ಲ. ಎಂಟು ಪೆಟ್ಟು ಮುಗಿಯುವ ತನಕ ಅವನು ತುಟಿ ಬಿಚ್ಚುವ ಹಾಗಿಲ್ಲ. ಒಬ್ಬರು ಪೊಲೀಸು ಕಂಡೆ ಎಂದರೆ ಇನ್ನೊಬ್ಬರು ಮಾವನವರು ಅನ್ನುವುದು, ಅದಕ್ಕಾಗಿ ಜಗಳ, ಜಗಳ ಬಗೆಹರಿಸಲು ಮತ್ತೆ ಟಿಕೆಟು. ನಾಲ್ಕು ವರ್ಷ ಹೀಗೇ ನಡೆಯಿತು. ನನ್ನ ನಟನೆಯನ್ನು ಹೊಗಳಿದವರೆಷ್ಟು ಜನ. ಯಾವ ನಟನೆ ಮಗಳೇ? ಬಾಗಿಲಲ್ಲಿ ಯಾರಿದ್ದಾರೆಂದು ಆ ಕಟ್ಟಡದಲ್ಲಿ ಅತಿ ಹೆಚ್ಚು ಕುತೂಹಲ ಇದ್ದವಳು ನಾನೇ. ನಿನಗೆ ದೊರೆ ಬರುತ್ತಾನೆಂದು ಗೊತ್ತಿದೆ, ಅದಕ್ಕೇ ನೀನು ಬಸ್ಸಿಗೆ ಕಾಯುವವಳ ಹಾಗೆ ಕಾಣುತ್ತೀ.

ಇನ್ನು ಕೊನೆಯ ಅಂಕ. ಹೊಸ ಪೋಸ್ಟರು ಅಚ್ಚಿಗೆ ಹೋಗುವ ದಿನ. ಕನ್ನಡಿಯ ಮುಂದೆ ಕೂದಲು ಸುತ್ತಿಸಿಕೊಳ್ಳುತ್ತಿದ್ದೆ. ಅಣ್ಣ ಬಂದು, ನನ್ನ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅವನ ಹೆಸರೂ ಇರಲಿ ಎಂದು ಕೇಳಿದ. ಅದುವರೆಗೆ ಅವನು ಏನನ್ನೂ ಕೇಳಿದವನಲ್ಲ. ನಾನು ತಿರುಗಿಯೂ ನೋಡದೆ ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: “ಕತ್ತಲಲ್ಲಿ ಕೂತವನ ಹೆಸರು ಯಾರಿಗೆ ಬೇಕೋ? ಜನ ಬರೋದು ನನ್ನ ಕಾಲು ನೋಡೋಕೆ.” ಅವನು ಸರಿ ಅಂದ. ಹೋಗಿ ಸ್ಟೂಲಿನ ಮೇಲೆ ಕೂತ.

ಆ ಸಂಜೆ ಕದ ತೆಗೆದೆ. ಎಂಟು ಪೆಟ್ಟಾಯಿತು. ಅಣ್ಣ ಮಾತಾಡಲಿಲ್ಲ. ಹದಿನಾರಾಯಿತು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ. ದೊರೆಯನ್ನು ಹಾಡಬಹುದಿತ್ತು. ಬಾಯಿ ಬರಲಿಲ್ಲ. ಮೂವತ್ತೆರಡಕ್ಕೆ ಯಾರೋ ಕೆಮ್ಮಿದರು. ಎಡಬದಿಯಿಂದ ಹೊರನಡೆದೆ, ಮೇಕಪ್ಪಿನಲ್ಲೇ ಬೀದಿಗಿಳಿದೆ, ಮತ್ತೆ ಆ ಕಟ್ಟಡದ ಮೆಟ್ಟಿಲು ತುಳಿಯಲಿಲ್ಲ. ನಿನಗಾಗ ಎರಡು ವರ್ಷ. ಅವನು ಸೇಡು ತೀರಿಸಿಕೊಂಡ, ನಾನು ಫೋಟೋ ಕತ್ತರಿಸಿದೆ. ಈಗ ರೈಲಿನಲ್ಲಿ ಎರಡು ತಾಸಿನ ದೂರದಲ್ಲಿ ರಬ್ಬರ್ ಸ್ಟಾಂಪಿನ ಅಂಗಡಿ ಇಟ್ಟಿದ್ದಾನಂತೆ. ಊರವರ ಹೆಸರನ್ನೆಲ್ಲ ಕೆತ್ತುತ್ತಾನೆ.

ನೀನು ಹಿಂದಿನ ಸಾಲಿನಲ್ಲಿ ಇದ್ದಷ್ಟು ದಿನ ನನಗೆ ನಿದ್ದೆ ಬರುತ್ತಿತ್ತು. ಅಲ್ಲಿ ಯಾರೂ ಒಬ್ಬಳೇ ಬಾಗಿಲು ತೆಗೆಯಬೇಕಾಗಿಲ್ಲ.

ಅಮ್ಮ

*

ಮಾರ್ಚ್ ೩೧

ಅಮ್ಮಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಅದರ ಬಗ್ಗೆ ಎದುರು ಕೂತು ಮಾತಾಡೋಣ. ಈಗ ನಿನ್ನೆಯ ಸುದ್ದಿ.

ನಮ್ಮ ಪ್ರಾಂಪ್ಟರ್ ದಪ್ಪ ಕನ್ನಡಕದ ಅಕ್ಕ, ಒಳ್ಳೆಯವಳು. ನಿನ್ನ ಪದ್ಧತಿ ಹೇಳಿದೆ. ಒಪ್ಪಿದಳು. ಮೊದಲ ದಿನದ ಅಭ್ಯಾಸದಲ್ಲಿ ಬಾಗಿಲಲ್ಲಿ ಹಾಲಿನವನು ನಿಂತ. ಎರಡನೆಯ ದಿನ ಪೇಪರಿನವನು. ಮೂರನೆಯ ದಿನ ಮತ್ತೆ ಹಾಲಿನವನು. “ನನಗೆ ಹೊಳೆಯೋದೇ ಇಷ್ಟು ಕಣೆ, ನಮ್ಮನೆ ಬಾಗಿಲಿಗೆ ಬೇರೆ ಯಾರೂ ಬರಲ್ಲ” ಅಂದಳು ಪಾಪ. ನಿನ್ನೆ ಕರೆದ ಜನರ ಮುಂದೆ ಅವಳು ತುಟಿ ಬಿಚ್ಚುವ ಮೊದಲೇ ನನಗೆ ಹಾಲಿನ ಕ್ಯಾನಿನ ಸದ್ದು ಕೇಳುತ್ತಿತ್ತು. ಎರಡನೆಯ ಸಾಲಿನ ಹೆಂಗಸು ಗಡಿಯಾರ ನೋಡಿಕೊಂಡಳು.

ಮ್ಯಾನೇಜರು ಬೈಯಲಿಲ್ಲ. ಮೂರು ಚರಣ ಚೆನ್ನಾಗಿದೆ, ನಾಲ್ಕನೆಯದು ಮೇ ಮಧ್ಯದೊಳಗೆ ಸರಿಹೋಗಲಿ, ಇಲ್ಲದಿದ್ದರೆ ಬದಲಾಯಿಸುತ್ತೇನೆ ಅಂದರು. ಕೆನ್ನೆಗುಳಿಯ ಹುಡುಗಿಗೆ ಹೆಜ್ಜೆ ಕಲಿಸುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ.

ಅಮ್ಮಾ, ನೀನು ಬಂದು ಆ ಸ್ಟೂಲಿನ ಮೇಲೆ ಕೂರುತ್ತೀಯಾ?

ಮಗಳು

*

ಏಪ್ರಿಲ್ ೮

ಮಗಳೇ,

ನಿನ್ನ ಪ್ರಶ್ನೆ ಬಂದ ದಿನವೇ ತರಗತಿಗೆ ರಜೆ ಕೊಟ್ಟು, ಬಟ್ಟೆ ಕತ್ತರಿಸುವ ಕಂದು ಕಾಗದದ ಮೇಲೆ ಸಾಲು ಬರೆಯಲು ಕೂತೆ. ಒಂಬತ್ತು ಬರೆದೆ. ಅದರಲ್ಲಿ ಏಳು ಮೇಕೆ. ಉಳಿದೆರಡು ಮೇಕೆಯ ತಮ್ಮಂದಿರು. ನಾನು ಬಾಗಿಲು ತೆಗೆಯುವವಳು. ಹೊರಗೆ ಜನರನ್ನು ತಂದು ನಿಲ್ಲಿಸುವ ವಿದ್ಯೆ ನನ್ನದಲ್ಲ, ಯಾವತ್ತೂ ಆಗಿರಲಿಲ್ಲ. ಇದನ್ನು ಅರವತ್ತು ತುಂಬಿದ ಮೇಲೆ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ನಾಳೆಯಿಂದ ಎರಡು ದಿನ ಮನೆಯಲ್ಲಿರುವುದಿಲ್ಲ. ಎಲ್ಲಿಗೆ ಎಂದು ನೀನು ಕೇಳಬಾರದು. ನೀನು ಕೇಳದೆ ಇರಲಾರೆ ಎಂದು ಗೊತ್ತಿದ್ದೇ ಹೊರಡುವ ಹೊತ್ತಿಗೆ ಕಾಗದ ಡಬ್ಬಿಗೆ ಹಾಕುತ್ತೇನೆ.

ಅಮ್ಮ

*

ಮೇ ೨

ಮಗಳೇ,

ಇದರ ಜೊತೆಗಿರುವ ಪೊಟ್ಟಣದಲ್ಲಿ ಮೂವತ್ತು ಲಕೋಟೆಗಳಿವೆ. ಅಂಟಿಸಿ, ಮೇಲೆ ಸಂಖ್ಯೆ ಹಾಕಿದೆ. ನೀನು ಮುಟ್ಟಬಾರದು. ಬೆಳಕಿಗೆ ಹಿಡಿದು ನೋಡಬಾರದು. ನಿನ್ನನ್ನು ಹೆತ್ತವಳು ನಾನು, ನಿನ್ನ ಗುಣ ಬಲ್ಲೆ. ದಪ್ಪ ಕನ್ನಡಕದ ಅಕ್ಕನ ಕೈಗೆ ಕೊಡು. ಪ್ರದರ್ಶನಕ್ಕೊಂದರಂತೆ, ಮೂರನೆಯ ಚರಣದಲ್ಲಿ ಒಡೆಯಬೇಕು, ಎಂಟು ಪೆಟ್ಟಾದ ಮೇಲೆ ಓದಬೇಕು. ಮ್ಯಾನೇಜರಿಗೆ ತೋರಿಸಲು ಬೇಕಾದರೆ ಮೊದಲ ಎರಡನ್ನು ಅಭ್ಯಾಸದಲ್ಲೇ ಖರ್ಚು ಮಾಡಿ.

ಒಂದು ಷರತ್ತು. ಪೋಸ್ಟರಿನಲ್ಲಿ ಹಾಡು ಬರೆದವನ ಹೆಸರು ಇರಬೇಕು. ಹಾಡುವವಳ ಹೆಸರಿನ ಅಳತೆಯ ಅಕ್ಷರದಲ್ಲಿ. ಅಚ್ಚಿನವರಿಗೆ ಅಳತೆ ತಿಳಿಯದಿದ್ದರೆ ನನ್ನ ಟೇಪು ಕಳಿಸುತ್ತೇನೆ.

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಬಾಗಿಲು ತಟ್ಟಿದೆ. ಅಣ್ಣ ತೆಗೆದ. ಎಷ್ಟು ಪೆಟ್ಟು ನಿಂತೆವೆಂದು ಎಣಿಸಲಿಲ್ಲ. ಮುದಿಯಾಗಿದ್ದಾನೆ, ಬೆರಳೆಲ್ಲ ಶಾಯಿ. ಕನ್ನಡಿಯ ಮುಂದೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವನ ಸೇಡನ್ನೂ ಕ್ಷಮಿಸಿದ್ದೇನೆ ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ, ಆಮೇಲೆ ಚಹಾ ಕುಡಿಯುತ್ತೀಯಾ ಎಂದು ಕೇಳಿದ.

ಅಮ್ಮ

*

ಜೂನ್ ೨೨

ಅಮ್ಮಾ,

ಪೋಸ್ಟರು ಸುರುಳಿ ಮಾಡಿ ಕಳಿಸಿದ್ದೇನೆ. ಅಳತೆ ಹಾಕಿ ನೋಡು, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅಭ್ಯಾಸದಲ್ಲಿ ಮೊದಲ ಲಕೋಟೆ ಒಡೆದ ದಿನವೇ ಮ್ಯಾನೇಜರು ಕುರ್ಚಿಯ ಅಂಚಿಗೆ ಬಂದು ಕೂತರು ಎಂದು ಆಗಲೇ ಬರೆದಿದ್ದೆ. ಆಮೇಲೆ ಕೆನ್ನೆಗುಳಿಯ ಹುಡುಗಿಯ ಮಾತು ಯಾರೂ ಎತ್ತಲಿಲ್ಲ.

ಹನ್ನೆರಡಕ್ಕೆ ತೆರೆದೆವು. ಮೊದಲ ದಿನ ಬಾಗಿಲಲ್ಲಿ ನಿಂತದ್ದು ಮನೆ ತಪ್ಪಿ ಬಂದ ಮದುಮಗ. ಎರಡನೆಯ ದಿನ, ಹೋದ ವರ್ಷ ಎರವಲು ಕೊಟ್ಟ ಏಣಿ, ತಾನೇ ನಡೆದುಕೊಂಡು ಬಂದದ್ದು. ಮೂರನೆಯ ದಿನ, ‘ನಿಂತಾಳೆ ನಾನೇ, ಹತ್ತು ವರುಷ ಚಿಕ್ಕವಳು, ಕೊಡೆ ಮರೆತಿದ್ದೆ ಅಂತಾಳೆ.’ ಸಭೆ ನಗುವುದೋ ಬೇಡವೋ ತಿಳಿಯದೆ ಕೂತಿತ್ತು. ಜನ ಎರಡನೆಯ ಸಲ ಬರುತ್ತಿದ್ದಾರೆ. ಹೊರಗಿನ ಮೆಟ್ಟಿಲ ಮೇಲೆ ಜಗಳ ಶುರುವಾಗಿದೆ. ದೀಪದ ಮೇಸ್ತ್ರಿಗೆ ಪರಮಸುಖ.

ನಿನ್ನೆ ಒಂಬತ್ತನೆಯ ಪ್ರದರ್ಶನ. ಕದ ತೆಗೆದೆನಮ್ಮಾ ಎಂದು ಸೈಡ್‌ವಿಂಗಿನ ಕಡೆ ನೋಡಿದೆ. ಅಕ್ಕನ ಮುಖ ಬಿಳುಚಿತ್ತು. ಎಂಟು ಪೆಟ್ಟಾದ ಮೇಲೆ ಅವಳು ಲಕೋಟೆಯ ಕಾಗದವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಒಂದು ಬದಿ ಖಾಲಿ. ತಿರುವಿದಳು. ಆ ಬದಿಯೂ ಖಾಲಿ.

ಡ್ರಮ್ಮಿನಜ್ಜ ಬಿಡದೆ ಬಾರಿಸುತ್ತಿದ್ದರು. ಹದಿನಾರಾಯಿತು. ನೀನು ನಡೆದುಹೋದ ಎಡಬದಿ ನನಗೆ ಎಷ್ಟು ಹತ್ತಿರ ಕಾಣಿಸಿತೆಂದರೆ, ಆ ಹಲಗೆ ಅಲ್ಲಿಗೇ ಇಳಿಜಾರಾಗಿರುವುದು ಇದಕ್ಕೇ ಅನ್ನಿಸಿತು. ಆಮೇಲೆ ಅಕ್ಕನನ್ನು ಬಿಟ್ಟು ಬಾಗಿಲಿನ ಆಚೆಗೆ ನೋಡಿದೆ. ನಿಜವಾಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಇಪ್ಪತ್ತನಾಲ್ಕಕ್ಕೆ ಅದನ್ನೇ ಹಾಡಿದೆ: ‘ಯಾರೂ ಇಲ್ಲಮ್ಮಾ, ಯಾರೂ ಇಲ್ಲ. ತೆರೆದೇ ಇರಲಿ ಬಾಗಿಲು.’

ಸಭೆ ನಗಲಿಲ್ಲ. ಚಪ್ಪಾಳೆ ಬರುವುದಕ್ಕೂ ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲುವುದಕ್ಕೂ ಹೊತ್ತು ಹಿಡಿಯಿತು. ಮ್ಯಾನೇಜರು ಒಳಗೆ ಬಂದು, ವರ್ಷಪೂರ್ತಿ ನೀನೇ ಅಂದರು.

ಈಗ ಹೇಳು. ಆ ಖಾಲಿ ಕಾಗದ ಇಟ್ಟವರು ಯಾರು? ಮರೆತದ್ದೋ, ಬೇಕೆಂದೇ ಮಾಡಿದ್ದೋ? ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು, ಯಾರ ಕಾಲು ಮುಟ್ಟಬೇಕು ಎಂದು ತಿಳಿಯದೆ ಚಡಪಡಿಸುತ್ತಿದ್ದೇನೆ.

ನಿನ್ನ ಮಗಳು

*

ಜೂನ್ ೨೭

ಮಗಳೇ,

ನಾನಲ್ಲ. ನಿನ್ನ ಕಾಗದ ಓದಿ ಹೊಲಿಗೆಯ ತರಗತಿಯೆದುರೇ ಅತ್ತೆ. ಏಳು ಜನವೂ ಸೂಜಿ ಚುಚ್ಚಿತೇನೋ ಎಂದು ಓಡಿಬಂದರು. ಕಾಗದವನ್ನು ಅಣ್ಣನಿಗೆ ಕಳಿಸಿದ್ದೇನೆ. ಭಾನುವಾರ ಅವನು ಇಲ್ಲಿಗೆ ಊಟಕ್ಕೆ ಬರುತ್ತಾನೆ. ನೀನೂ ರಜೆ ಹಾಕಿ ಬಾ.

ಅಮ್ಮ

*

ಜೂನ್ ೩೦

ಸೊಸೆಯೇ,

ಪ್ರಾಂಪ್ಟರ್ ಆಗಿದ್ದವನಿಗೆ ಸ್ವಂತ ಮಾತು ಕಡಿಮೆ. ಆದ್ದರಿಂದ ಚಿಕ್ಕದಾಗಿ ಬರೆಯುತ್ತೇನೆ.

ಆ ಖಾಲಿ ಕಾಗದ ಇಟ್ಟವನು ನಾನು. ಮರೆತದ್ದಲ್ಲ. ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗು. ಏನೂ ಬಾರದಿದ್ದರೆ ಬಾಗಿಲಲ್ಲಿ ನಿಂತವಳು ಏನು ಹಾಡಬಹುದಿತ್ತು ಎಂದು ಮೂವತ್ತೊಂದು ವರ್ಷದಿಂದ ಸ್ಟಾಂಪು ಕೆತ್ತುತ್ತ ಯೋಚಿಸಿದ್ದೇನೆ. ಎಷ್ಟೋ ಸಾಲು ಬರೆದು ಹರಿದಿದ್ದೇನೆ. ನಿನ್ನದಷ್ಟು ಸರಳವಾದದ್ದು ಒಂದೂ ಇರಲಿಲ್ಲ.

ಇನ್ನೊಂದು ವಿಷಯವಿದೆ. ಅದನ್ನು ಯಾರಿಗೂ ಹೇಳಿಲ್ಲ. ಆ ಸಂಜೆ ನಾನು ಸೇಡು ತೀರಿಸಿಕೊಂಡೆನೆಂದು ನಿಮ್ಮಮ್ಮ ನಂಬಿದ್ದಾಳೆ. ಅವಳ ಮಾತು ನನಗೆ ನೋವಾಗಿತ್ತು, ನಿಜ. ಆದರೂ ಎಂಟು ಪೆಟ್ಟಾಗುವ ತನಕ ಎಂದಿನ ಹಾಗೆ ಅತಿಥಿಗಾಗಿ ತಲೆಯಲ್ಲಿ ಹುಡುಕುತ್ತಿದ್ದೆ. ಸಿಗಲಿಲ್ಲ. ಹದಿನಾರಕ್ಕೂ ಸಿಗಲಿಲ್ಲ. ನಾಲ್ಕು ವರ್ಷದಲ್ಲಿ ಅದೊಂದೇ ಸಲ ನನಗೆ ಏನೂ ಹೊಳೆಯಲಿಲ್ಲ. ದೊರೆ ಎಂದು ಪಿಸುಗುಟ್ಟಿದರೂ ಸಾಕಿತ್ತು, ಆದರೆ ಆ ಪದವೂ ಮರೆತುಹೋಗಿತ್ತು. ಪುಸ್ತಕ ಮುಚ್ಚಿದ್ದು ಅದರ ಅಕ್ಷರಗಳೂ ಕಣ್ಣಿಗೆ ಹತ್ತದೆ ಹೋದದ್ದರಿಂದ. ಅವಳನ್ನೇ ನೋಡುತ್ತಿದ್ದದ್ದು, ಅವಳಿಗಾದರೂ ಏನಾದರೂ ಹೊಳೆದೀತೆಂದು.

ಏಪ್ರಿಲಿನಲ್ಲಿ ಅವಳು ನನ್ನ ಬಾಗಿಲಿಗೆ ಬಂದಾಗ ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನನ್ನು ಕ್ಷಮಿಸಿಬಿಟ್ಟಿದ್ದಳು. ತುಂಬು ಸಭೆಗೆ ಕೇಳುವ ಹಾಗೆ, ಕಣ್ಣಲ್ಲಿ ನೀರು ತುಂಬಿಕೊಂಡು. ಅಂಥ ಪ್ರವೇಶವನ್ನು ಹಾಳುಮಾಡಲು ನನಗೆ ಮನಸ್ಸಾಗಲಿಲ್ಲ. ಮೂವತ್ತೊಂದು ವರ್ಷ ಸಾಕಿದ ಸಿಟ್ಟನ್ನು ಅಷ್ಟು ಕಷ್ಟಪಟ್ಟು ಬಿಟ್ಟವಳ ಮುಂದೆ, ತಂಗೀ, ಅಂದು ಸಿಟ್ಟೇ ಇರಲಿಲ್ಲ ಎಂದು ಹೇಗೆ ಹೇಳುವುದು?

ಭಾನುವಾರ ಊಟಕ್ಕೆ ಕರೆದಿದ್ದಾಳೆ. ನೀನೂ ಬರುತ್ತೀಯಂತೆ. ನಾನು ಅವಳೆದುರು ಕೂರುತ್ತೇನೆ, ನೀನು ನನ್ನ ಬಲಗಡೆ ಕೂರು. ಹೇಳುವುದೇ ಸರಿ ಎಂದು ನಿನಗೆ ಕಂಡರೆ, ಒಂದು ಮಾತು ಪಿಸುಗುಟ್ಟು.

ನಿನ್ನ ಮಾವ